ಐದು ಗುಂಟೆಯಲ್ಲಿ ಸಾವಯವ ಬೆಳ್ಳುಳ್ಳಿ ಶುರು ಮಾಡೋರಿಗೆ

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಸ್ವಲ್ಪ ಜಾಗ ಇರೋರು ಬೆಳ್ಳುಳ್ಳಿ ಹಾಕ್ಬೇಕು ಅಂದ್ರೆ ಅಕ್ಟೋಬರ್-ನವೆಂಬರ್‌ನಲ್ಲೇ ಹಾಕಿ, ಗಡ್ಡೆ ಕಟ್ಟೋಕೆ ಮೊದ್ಲು ಚಳಿ ಬೇಕು.

ಬೀಜದ ವಿಷ್ಯದಲ್ಲಿ ಮಾತ್ರ ದಯವಿಟ್ಟು ಕಂಜೂಸ್ ಮಾಡ್ಬೇಡಿ, ಅಂಗಡಿಲಿ ಸಿಗೋ ದಪ್ಪ ದಪ್ಪ ಚೀನಾ ಬೆಳ್ಳುಳ್ಳಿ ಬೇಡ್ವೇ ಬೇಡ, ಅದಕ್ಕೆ ಉದ್ದ ಹಗಲು ಬೇಕು, ನಮ್ಮ ಕಡೆ ಹಗಲು ಅಷ್ಟು ಉದ್ದ ಇರಲ್ಲ ಹಾಗಾಗಿ ಬರೀ ಎಲೆ ಬಂದು ಗಡ್ಡೆ ಸರಿಯಾಗಿ ಕಟ್ಟದೇ ಹೋಗ್ಬಹುದು, ಭೀಮಾ ಪರ್ಪಲ್, ಯಮುನಾ ಸಫೇದ್ ಥರ ನಮ್ಮ ದೇಶದ ತಳಿ ಕೇಳಿ ತಗೊಳ್ಳಿ. ಹೊರಗಿನ ದಪ್ಪ ಎಸಳು ಮಾತ್ರ ಆರಿಸಿ, ಚೂಪು ತುದಿ ಮೇಲೆ ಬರೋ ಹಾಗೆ ಎರಡು ಇಂಚು ಆಳಕ್ಕೆ ಊರಿ.

ಮಡಿ ಎತ್ತರ ಇರ್ಲಿ, ಕೆಂಪು ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಟ್ರೈಕೋಡರ್ಮಾ (ಮಣ್ಣಿನ ರೋಗ ತಡೆಯೋ ಉಪಕಾರಿ ಶಿಲೀಂಧ್ರ) ಸೇರ್ಸಿ. ನೀರು ನಿಂತ್ರೆ ಕೊಳೆಯತ್ತೆ. ಎಲೆ ಹಳದಿಯಾಗಿ ಬಾಗಿದ ಮೇಲೆ ಕಿತ್ತು ಎಲೆ ಸಮೇತ ನೆರಳಲ್ಲಿ ಒಣಗಿಸಿ, ದಪ್ಪ ಗಡ್ಡೆಗಳನ್ನ ಮುಂದಿನ ಬಿತ್ತನೆಗೆ ಅಂತ ಆಗ್ಲೇ ಎತ್ತಿಡಿ.