ಕೋಳಿ ಮನೆಯಲ್ಲಿ ಡೀಪ್ ಲಿಟರ್: ಹೊಟ್ಟಿನ ಹಾಸನ್ನು ಕಟ್ಟುವ ಮತ್ತು ಕಾಯುವ ಕ್ರಮ

ಹಿತ್ತಲಿನಲ್ಲಿ ಇಪ್ಪತ್ತೈದು ಗಿರಿರಾಜ ಕೋಳಿ ಸಾಕಲು ಹೊರಟವರೆಲ್ಲ ಮೊದಲು ಹಾಕುವುದು ಆಹಾರದ ಲೆಕ್ಕ. ಹಿಕ್ಕೆಯ ಲೆಕ್ಕವನ್ನು ಹಾಕುವವರು ವಿರಳ. ಬೆಳೆದ ಕೋಳಿಯೊಂದು ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಅಂದರೆ 25 ಕೋಳಿಗಳಿರುವ ಮನೆಯ ನೆಲಕ್ಕೆ ನಿತ್ಯವೂ ಎರಡು ಲೀಟರಿಗೆ ಹತ್ತಿರದಷ್ಟು ನೀರು ಚೆಲ್ಲಿದಂತಾಗುತ್ತದೆ. ಈ ನೀರನ್ನು ನೆಲದ ಮೇಲೆ ದಪ್ಪವಾಗಿ ಹಾಸಿದ ಹೊಟ್ಟು ಹೀರಿಕೊಂಡು ಗಾಳಿಗೆ ಬಿಟ್ಟುಕೊಡುವಂತೆಯೂ, ಉಳಿದ ಒಣ ಭಾಗವನ್ನು ಹೊಟ್ಟಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಕೊಳೆಸಿ ಗೊಬ್ಬರ ಮಾಡುವಂತೆಯೂ ನೋಡಿಕೊಳ್ಳುವುದೇ ಡೀಪ್ ಲಿಟರ್ ಪದ್ಧತಿ. ದಿನವೂ ಕೋಳಿಗೂಡು ಗುಡಿಸಿ ಅಭ್ಯಾಸವಾದವರು ಇಲ್ಲಿ ಮೊದಲು ಕೆಳಗಿಡಬೇಕಾದದ್ದು ಪೊರಕೆಯನ್ನು.

ಹಳೆಯ ಹಾಸು ಎಂದರೆ ಕೊಳಕು ಎಂಬ ಅಳುಕು ಹಲವರಿಗಿದೆ. 1940ರ ದಶಕದಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕೃಷಿ ಪ್ರಯೋಗ ಕೇಂದ್ರದಲ್ಲಿ ನಡೆದ ಪ್ರಯೋಗಗಳು ಇದಕ್ಕೆ ವಿರುದ್ಧವಾದುದನ್ನೇ ತೋರಿಸಿದವು: ಚೆನ್ನಾಗಿ ಪಕ್ವವಾದ ಹಾಸಿನ ಮೇಲೆ ಬೆಳೆದ ಕೋಳಿಗಳಲ್ಲಿ ಸಾವು ಕಡಿಮೆಯಿತ್ತು. ಅಂತಹ ಹಾಸಿನಲ್ಲಿ ಸೂಕ್ಷ್ಮಜೀವಿಗಳು ಬಿ12 ಜೀವಸತ್ವವನ್ನೂ ತಯಾರಿಸುತ್ತವೆ. ಕೆದಕಿ ಹೆಕ್ಕುವ ಕೋಳಿಗೆ ಅದು ಸಿಗುತ್ತದೆ. ಆದರೆ ಈ ಮಾತೆಲ್ಲ ಒಣಗಿರುವ, ರೋಗ ಹೊಕ್ಕಿರದ ಹಾಸಿನ ಮಟ್ಟಿಗೆ ಮಾತ್ರ ನಿಜ.

ಪ್ರಾರಂಭಕ್ಕೆ ನಮ್ಮಲ್ಲಿ ಸಂಕ್ರಾಂತಿಯ ನಂತರದ ದಿನಗಳಷ್ಟು ಒಳ್ಳೆಯ ಕಾಲ ಬೇರೆ ಇಲ್ಲ. ಹಾಸು ಕೆಲಸ ಮಾಡತೊಡಗಲು ಕನಿಷ್ಠ ಎರಡು ತಿಂಗಳ ಒಣ ಹವೆ ಬೇಕು, ಮತ್ತು ಭತ್ತದ ಒಕ್ಕಣೆ ಮುಗಿದಿರುವ ಆ ಸಮಯದಲ್ಲಿ ಅಕ್ಕಿ ಗಿರಣಿಗಳಲ್ಲಿ ಹೊಟ್ಟು ಸುಲಭವಾಗಿ ಸಿಗುತ್ತದೆ. ಜೂನ್‌ನಲ್ಲಿ ಹೊಸ ಹೊಟ್ಟು ಹರಡಿದವರ ಹಾಸು ಪಕ್ವವಾಗುವ ಮೊದಲೇ ಮುಂಗಾರಿನ ತೇವಕ್ಕೆ ಸಿಕ್ಕಿ ಕೆಡುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಕೋಳಿಯೊಂದಕ್ಕೆ ಎರಡೂವರೆ ಚದರ ಅಡಿಯಂತೆ 25 ಕೋಳಿಗಳಿಗೆ ಸುಮಾರು 65 ಚದರ ಅಡಿ ನೆಲ ಬೇಕು. ಇದರಲ್ಲಿ ಜಿಪುಣತನ ಮಾಡಿದರೆ ಮುಂದಿನ ಯಾವ ಉಪಾಯವೂ ಫಲಿಸದು. ನೆಲ ಸುತ್ತಲಿನ ಅಂಗಳಕ್ಕಿಂತ ಒಂದಡಿಯಾದರೂ ಎತ್ತರವಿರಬೇಕು. ಗಾರೆ ನೆಲವಾದರೆ ಇಲಿ, ಹೆಗ್ಗಣಗಳ ಕಾಟ ಕಡಿಮೆ. ಗಟ್ಟಿಯಾಗಿ ಬಡಿದ ಮಣ್ಣಿನ ನೆಲವೂ ನಡೆಯುತ್ತದೆ, ಅಡಿಯಿಂದ ಶೀತ ಏರದಿದ್ದರೆ ಮಾತ್ರ. ಮಳೆಯ ಎರಚಲು ಒಳಗೆ ಬಾರದಂತೆ ಸೂರು ಗೋಡೆಯಿಂದ ಮೂರಡಿ ಮುಂದೆ ಚಾಚಿರಲಿ.

ಹಾಸಿಗೆ ಭತ್ತದ ಹೊಟ್ಟೇ ನನ್ನ ಮೊದಲ ಆಯ್ಕೆ. ಬಡಗಿಯ ಕೆಲಸದಲ್ಲಿ ಬೀಳುವ ಮರದ ಸಿಪ್ಪೆ ಹೆಚ್ಚು ನೀರು ಹೀರುತ್ತದೆ, ಆದರೆ ಗೆದ್ದಲಿಗೆ ಔಷಧಿ ಹಚ್ಚಿದ ಮರದ್ದಾಗಿರಬಾರದು. ಗರಗಸದ ನುಣುಪಾದ ಪುಡಿಯನ್ನು ಮರಿಗಳು ಆಹಾರವೆಂದು ತಿಂದುಬಿಡುತ್ತವೆ. ಕಡಲೆಕಾಯಿ ಸಿಪ್ಪೆ ಒಣಗಿದ್ದಾಗ ಒಳ್ಳೆಯದು, ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಧೂಳು ಕೋಳಿಯ ಶ್ವಾಸಕೋಶವನ್ನು ಕೆಡಿಸುತ್ತದೆ. ಹುಲ್ಲನ್ನು ಬಳಸುವುದಾದರೆ ಎರಡು ಅಂಗುಲಕ್ಕೆ ಕತ್ತರಿಸಿಕೊಳ್ಳಬೇಕು, ಉದ್ದ ಹುಲ್ಲು ಚಾಪೆಯಂತೆ ಹೆಣೆದುಕೊಳ್ಳುತ್ತದೆ.

ಮೊದಲಿಗೆ ಎರಡರಿಂದ ಮೂರು ಅಂಗುಲ ದಪ್ಪಕ್ಕೆ ಹೊಟ್ಟನ್ನು ಹರಡಿ ಕೋಳಿಗಳನ್ನು ಬಿಡಬೇಕು. ಮೇಲ್ಪದರ ಹಿಕ್ಕೆಯಿಂದ ಕಪ್ಪಾಗುತ್ತ ಬಂದಂತೆ ತೆಳುವಾಗಿ ಹೊಸ ಹೊಟ್ಟು ಎರಚಿ, ಕುಂಟೆಯಿಂದ ಅಡಿಮೇಲು ಮಾಡುತ್ತ ಹೋದರೆ ಆರು ತಿಂಗಳಲ್ಲಿ ಆರು ಅಂಗುಲ, ವರ್ಷದ ಕೊನೆಗೆ ಎಂಟು ಅಂಗುಲದ ಹಾಸು ಕಟ್ಟುತ್ತದೆ. ವಾರಕ್ಕೆರಡು ಸಲ ಕೆದಕುವುದು ಸಾಕು, ಮಳೆಗಾಲದಲ್ಲಿ ದಿನವೂ ಆದರೆ ಒಳ್ಳೆಯದು. ಸಂಜೆ ಒಂದೆರಡು ಹಿಡಿ ರಾಗಿಯನ್ನೋ ಜೋಳದ ನುಚ್ಚನ್ನೋ ಹಾಸಿನ ಮೇಲೆ ಎರಚಿದರೆ ಈ ಕೆಲಸದ ಬಹುಪಾಲನ್ನು ಕೋಳಿಗಳೇ ಮಾಡಿಕೊಡುತ್ತವೆ. ಅವು ರಾತ್ರಿ ಕೂರುವ ಅಡ್ಡಕೋಲಿನ ಕೆಳಗೆ ಮಾತ್ರ ಹಿಕ್ಕೆ ಗುಡ್ಡೆ ಬೀಳುವುದರಿಂದ, ಅಲ್ಲಿನದನ್ನು ಎಳೆದು ಉಳಿದೆಡೆ ಹರಡುವುದು ನಮ್ಮ ಪಾಲಿನ ಕೆಲಸ.

ಹಾಸಿನ ಆರೋಗ್ಯವನ್ನು ತಿಳಿಯಲು ಯಾವ ಉಪಕರಣವೂ ಬೇಡ. ಮೂರಂಗುಲ ಆಳದಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕಿ, ಕೈ ಬಿಚ್ಚಬೇಕು. ಉಂಡೆ ಕಟ್ಟಿ ಹಾಗೆಯೇ ನಿಂತರೆ ತೇವ ಹೆಚ್ಚಾಗಿದೆ; ಸ್ವಲ್ಪವೂ ಅಂಟದೆ ಬೆರಳ ಸಂದಿಯಿಂದ ಉದುರಿ ಧೂಳೆದ್ದರೆ ತೀರ ಒಣಗಿದೆ; ಕ್ಷಣಕಾಲ ಅಂಟಿದಂತೆ ಕಂಡು ಬೆರಳು ತಾಗಿಸಿದೊಡನೆ ಬಿರಿದರೆ ಸರಿಯಾಗಿದೆ, ಅಂದರೆ ತೇವಾಂಶ ಶೇಕಡಾ 20ರಿಂದ 30ರ ಒಳಗಿದೆ. ಇನ್ನೊಂದು ಪರೀಕ್ಷೆ ಮೂಗಿನದು. ಬಾಗಿಲಲ್ಲಿ ನಿಂತು ಮೂಸಿದರೆ ಪ್ರಯೋಜನವಿಲ್ಲ. ಬೆಳಗ್ಗೆ ಒಳಗೆ ಕಾಲಿಟ್ಟ ಕೂಡಲೇ ಕುಕ್ಕರುಗಾಲಿನಲ್ಲಿ ಕುಳಿತು, ಕೋಳಿಯ ತಲೆಯ ಎತ್ತರಕ್ಕೆ ಮುಖ ಬಗ್ಗಿಸಿ ಉಸಿರೆಳೆಯಬೇಕು. ಕಣ್ಣು ಚುರುಗುಟ್ಟಿದರೆ ಅಲ್ಲಿ ಅಮೋನಿಯಾ ತುಂಬಿದೆ, ಕೋಳಿಗಳು ರಾತ್ರಿಯಿಡೀ ಅದನ್ನೇ ಉಸಿರಾಡಿವೆ. ಹತ್ತು ನಿಮಿಷ ಒಳಗಿದ್ದರೆ ನಮ್ಮ ಮೂಗು ಅದಕ್ಕೆ ಒಗ್ಗಿಬಿಡುತ್ತದೆ, ಹೀಗಾಗಿ ಮೊದಲ ಉಸಿರನ್ನೇ ನಂಬಬೇಕು.

ತೇವ ಬರುವುದು ಬಹುತೇಕ ನೀರಿನ ಪಾತ್ರೆಯಿಂದ. ಒಂದು ಗೌರಿ ಹಬ್ಬದ ರಾತ್ರಿ ನಮ್ಮ ಕೋಳಿ ಮನೆಯ ನೀರಿನ ಬಕೆಟ್ ಓರೆಯಾಗಿದ್ದನ್ನು ಯಾರೂ ಗಮನಿಸಲಿಲ್ಲ. ಬೆಳಗಾಗುವಷ್ಟರಲ್ಲಿ ಅದರ ಸುತ್ತ ನೀರು ಇಂಗಿತ್ತು, ಹಬ್ಬದ ಗಡಿಬಿಡಿಯಲ್ಲಿ ಎರಡು ದಿನ ಬಿಟ್ಟೆವು, ಮೂರನೆಯ ದಿನ ಅಲ್ಲಿ ಒಣ ಸಗಣಿ ಬೆರಣಿಯಂತಹ ಗಟ್ಟಿ ಪದರ ಎದ್ದಿತ್ತು, ವಾರ ಕಳೆಯುವುದರೊಳಗೆ ಎರಡು ಮರಿಗಳಿಗೆ ರಕ್ತಭೇದಿ ಕಾಣಿಸಿಕೊಂಡಿತು. ಈ ರೋಗದ ಜೀವಿಗಳು ಬಲಿಯಲು ತೇವ ಮತ್ತು ಬಿಸುಪು ಎರಡೂ ಬೇಕು, ನಾವು ಎರಡನ್ನೂ ಒದಗಿಸಿದ್ದೆವು. ಅಂದಿನಿಂದ ನೀರಿನ ಪಾತ್ರೆಗಳು ಇಟ್ಟಿಗೆ ಜೋಡಿಸಿ ಜಾಲರಿ ಹೊದಿಸಿದ ಕಟ್ಟೆಯ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಇವೆ. ಒದ್ದೆಯಾದ ಹೊಟ್ಟನ್ನು ಅಂದೇ ಸಲಿಕೆಯಿಂದ ಎತ್ತಿ ಹೊರಗೆ ಹಾಕಬೇಕು. ಅದರ ಮೇಲೆ ಒಣ ಹೊಟ್ಟು ಮುಚ್ಚುವುದು ಗಾಯ ತೊಳೆಯದೆ ಬಟ್ಟೆ ಕಟ್ಟಿದ ಹಾಗೆ.

ಮಳೆ ಹಿಡಿದಾಗ ನಾಲ್ಕೂ ಕಡೆ ಟಾರ್ಪಾಲು ಇಳಿಬಿಟ್ಟು ಬಿಗಿ ಮಾಡುವ ತಪ್ಪು ಸಾಮಾನ್ಯ. ಮೇಲ್ಭಾಗದಲ್ಲಿ ಒಂದಡಿಯಾದರೂ ತೆರೆದಿರದಿದ್ದರೆ ಒಳಗಿನ ಆವಿ ಹಾಸಿಗೇ ಮರಳುತ್ತದೆ. ವಾಸನೆ ಬಂದೊಡನೆ ಸುಣ್ಣ ಎರಚುವವರೂ ಇದ್ದಾರೆ. ಸುಣ್ಣ ತೇವ ಹೀರುವುದು ನಿಜ, ಆದರೆ ಅದು ಹಾಸಿನ ಕ್ಷಾರಗುಣವನ್ನು ಹೆಚ್ಚಿಸುವುದರಿಂದ ಅಡಗಿದ್ದ ಅಮೋನಿಯಾ ಮತ್ತಷ್ಟು ಎದ್ದುಬರುತ್ತದೆ. ಹಾಕುವುದಾದರೆ ಗಾಳಿಯಾಡುವ ಹಗಲಿನಲ್ಲಿ, ಕೋಳಿಗಳನ್ನು ಹೊರಗೆ ಬಿಟ್ಟು ಹಾಕಬೇಕು. ವಾಸನೆಗೆ ಸೂಪರ್ ಫಾಸ್ಫೇಟ್ ಗೊಬ್ಬರ ಮೇಲು, ಅದು ಅಮೋನಿಯಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹರಳುಗಳನ್ನು ಕೋಳಿಗಳು ಕಂಡು ಹೆಕ್ಕದಂತೆ ಚೆನ್ನಾಗಿ ಬೆರೆಸಬೇಕು, ಸುಣ್ಣದ ಜೊತೆಗೆ ಮಾತ್ರ ಹಾಕಬಾರದು.

ಕೋಳಿಗಳನ್ನು ಮಾರಿ ಮನೆ ಖಾಲಿಯಾದಾಗ ಹಾಸನ್ನು ತೆಗೆಯಬಹುದು. ಚೆನ್ನಾಗಿ ಪಕ್ವವಾದ ಹಾಸಿನಲ್ಲಿ ಸಾರಜನಕ ಶೇಕಡಾ 3ರಷ್ಟು ಇರುತ್ತದೆ, ಆದ್ದರಿಂದ ಅದನ್ನು ನೇರವಾಗಿ ಅಡಿಕೆ, ತೆಂಗಿನ ಬುಡಕ್ಕೆ ಸುರಿದರೆ ಕಾವಿಗೆ ಬೇರು ಸುಡುತ್ತದೆ. ನೆರಳಿನಲ್ಲಿ ರಾಶಿ ಹಾಕಿ, ನೀರು ಚಿಮುಕಿಸಿ, ಎರಡು ತಿಂಗಳು ಕಳಿಯಲು ಬಿಟ್ಟು ಬಳಸಬೇಕು. ಹಿಂದಿನ ತಂಡದಲ್ಲಿ ರೋಗ ಬಂದಿದ್ದರೆ ಒಂದು ಹಿಡಿಯನ್ನೂ ಉಳಿಸದೆ ಎಲ್ಲವನ್ನೂ ತೆಗೆದು ನೆಲ ತೊಳೆದು ಒಣಗಿಸಬೇಕು. ರೋಗವಿರದಿದ್ದರೆ ಎರಡು ಬುಟ್ಟಿ ಹಳೆಯ ಒಣ ಹೊಟ್ಟನ್ನು ಎತ್ತಿಟ್ಟುಕೊಂಡು, ಮುಂದಿನ ತಂಡದ ಕೋಳಿಗಳು ಬಲಿತ ಮೇಲೆ, ಹಾಲಿಗೆ ಹೆಪ್ಪು ಹಾಕಿದಂತೆ ಹೊಸ ಹಾಸಿನಲ್ಲಿ ಕಲೆಸಿದರೆ ಅದು ಬೇಗ ಪಕ್ವವಾಗುತ್ತದೆ.