ವಯಸ್ಸಾದ ತಾರೆಯ ದರೋಡೆ ಚಿತ್ರ: ವಿಮರ್ಶೆಗಳನ್ನು ಓದುವುದು ಹೇಗೆ?

2018ರ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಗನ್’ ತೆಗೆದುಕೊಳ್ಳಿ. ನಿರ್ದೇಶನ ಡೇವಿಡ್ ಲೋವರಿ. ನಗುನಗುತ್ತಲೇ ಬ್ಯಾಂಕ್ ದೋಚುವ ಫಾರೆಸ್ಟ್ ಟಕರ್ ಆಗಿ 80 ದಾಟಿದ ಹಾಲಿವುಡ್ ತಾರೆ ರಾಬರ್ಟ್ ರೆಡ್‌ಫೋರ್ಡ್.

ಮೊದಲು ವಿಮರ್ಶೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ನಟನೆಗೆ ವಿದಾಯ ಹೇಳುವ ಮಾತನ್ನು ರೆಡ್‌ಫೋರ್ಡ್ ಆಡಿದ್ದು ಆ ವರ್ಷದ ಆಗಸ್ಟ್‌ನಲ್ಲಿ. ತಿಂಗಳ ಕೊನೆಗೆ ಅಮೆರಿಕದ ಟೆಲ್ಲುರೈಡ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ. ಹಾಗಾಗಿ ಅರ್ಧ ವಿಮರ್ಶೆ, ಅರ್ಧ ಬೀಳ್ಕೊಡುಗೆಯಾದ ಬರಹಗಳು ಸಿಗುತ್ತವೆ. ನಟನ ಬದುಕಿನ ಸಾಲಿಗೆ ಒಂದು ಬಣ್ಣ, ಚಿತ್ರದ ಸಾಲಿಗೆ ಇನ್ನೊಂದು ಬಣ್ಣದ ಗೆರೆ ಎಳೆಯಿರಿ. ಎರಡನೆಯದು ತೀರಾ ಕಡಿಮೆಯಿದ್ದರೆ ಆ ಬರಹವನ್ನು ಗೌರವದಿಂದಲೇ ಬದಿಗಿಡಿ.

ಹೆಚ್ಚು ಜನ ಎಡವುವುದು ಅಂಕಿಯಲ್ಲಿ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮೆಟೋಸ್‌ನ ಶೇಕಡಾವಾರು ಎಂದರೆ ಮೆಚ್ಚಿದ ವಿಮರ್ಶಕರ ಪಾಲು, ಸರಾಸರಿ ಅಂಕವಲ್ಲ. ಎಲ್ಲರೂ ‘ಪರವಾಗಿಲ್ಲ, ನೋಡಬಹುದು’ ಎಂದಷ್ಟೇ ಬರೆದರೂ ಅದು 100 ಮುಟ್ಟಬಹುದು. ಅಂಥದೇ ಇನ್ನೊಂದು ತಾಣ ಮೆಟಾಕ್ರಿಟಿಕ್ ಕೊಡುವುದು ಕೆಲವರ ಅಂಕಕ್ಕೆ ಹೆಚ್ಚು ತೂಕ ಕೊಟ್ಟು ತೆಗೆದ ಸರಾಸರಿ. ಎರಡನ್ನೂ ಪಕ್ಕಪಕ್ಕ ಇಡಿ. ಅಂತರ ದೊಡ್ಡದಿದ್ದರೆ ಮೆಚ್ಚುಗೆ ಅಗಲವಾಗಿದೆ, ಆಳವಾಗಿಲ್ಲ.

ಬರೆದವರು ಕಣ್ಣಿಟ್ಟು ನೋಡಿದ್ದಾರೆಯೇ? ಇದೇ ಮುಖ್ಯ ಪರೀಕ್ಷೆ. ಟಕರ್ ಕಿವಿಯಲ್ಲಿರುವುದು ಕಿವುಡರ ಮಿಷಿನ್‌ನಂತೆ ಕಾಣುತ್ತದೆ, ಅದರಲ್ಲಿ ಕೇಳುವುದು ಪೊಲೀಸ್ ರೇಡಿಯೋ. ಜೈಲಿನಿಂದ ತಪ್ಪಿಸಿಕೊಳ್ಳುವ ದೃಶ್ಯಗಳ ನಡುವೆ 1966ರ ‘ದಿ ಚೇಸ್’ ಚಿತ್ರದ ತುಣುಕಿದೆ. ತರುಣ ರೆಡ್‌ಫೋರ್ಡ್ ಅಲ್ಲಿ ಓಡುತ್ತಾರೆ. ಸೂಪರ್ 16 ಎಂಬ 16 ಮಿ.ಮೀ. ಫಿಲ್ಮಿನ ಕಾಳುಕಾಳಾದ ಚಿತ್ರಿಕೆ ಹಳೆಯ ಕಾಲವನ್ನು ಹತ್ತಿರ ತರುತ್ತದೆ. ಇವುಗಳಲ್ಲಿ ಒಂದನ್ನಾದರೂ ಬಿಡಿಸಿ ಹೇಳಿದ ವಿಮರ್ಶೆಯನ್ನು ನಂಬಿ, ಅದು ಚಿತ್ರವನ್ನು ತೆಗಳಿದ್ದರೂ ಸರಿ.