ಫ್ಲಾರೆನ್ಸ್‌ಗೆ ಕಾರಿನಲ್ಲಿ ಹೋದೆವು, ಊರನ್ನು ನಡೆದು ನೋಡಿದೆವು

ಮ್ಯೂನಿಕ್‌ನಲ್ಲಿರುವ ನಾವು ಇಟಲಿಗೆ ಸಾಮಾನ್ಯವಾಗಿ ಕಾರಿನಲ್ಲೇ ಹೋಗುತ್ತೇವೆ. ಮೈಸೂರಿನಿಂದ ಅಪ್ಪ ಅಮ್ಮ ಬಂದಾಗಲಂತೂ ಕಾರೇ ಬೇಕು. ಅಮ್ಮನಿಗೆ ಮಂಡಿನೋವು, ಸಾಮಾನೂ ಜಾಸ್ತಿ. ಆದರೆ ಫ್ಲಾರೆನ್ಸ್ ಊರೊಳಕ್ಕೆ ಕಾರು ತಗೊಂಡು ಹೋಗುವ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಕಾರಣ ಜೆಡ್‌ಟಿಎಲ್, ಅಂದರೆ ಗಾಡಿಗಳ ಓಡಾಟಕ್ಕೆ ಮಿತಿ ಹಾಕಿರುವ ಪ್ರದೇಶ. ಹಳೇ ಊರಿನ ಬಹುಭಾಗಕ್ಕೆ ಅಲ್ಲಿನ ನಿವಾಸಿಗಳ ಮತ್ತು ಪರವಾನಗಿ ಇದ್ದವರ ಗಾಡಿಗಳಿಗೆ ಮಾತ್ರ ಪ್ರವೇಶ. ಗೇಟ್ ಇರುವುದಿಲ್ಲ, ಪೊಲೀಸರೂ ತಡೆಯುವುದಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಅಷ್ಟೆ. ಬಿಳಿ ವೃತ್ತಕ್ಕೆ ಕೆಂಪು ಅಂಚಿರುವ ಬೋರ್ಡಿನ ಜೊತೆ ‘ವಾರ್ಕೊ ಅತ್ತೀವೊ’ ಅಂತ ದೀಪದ ಅಕ್ಷರ ಹೊತ್ತಿದ್ದರೆ ಕ್ಯಾಮೆರಾ ಕೆಲಸ ಮಾಡುತ್ತಿದೆ, ಒಳಗೆ ಹೋಗಬಾರದು. ದಂಡದ ಕಾಗದ ಎಷ್ಟೋ ತಿಂಗಳಾದ ಮೇಲೆ ಮನೆಗೆ ಬರುತ್ತದೆ. ಬಾಡಿಗೆ ಕಾರಾದರೆ ವಿಳಾಸ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿಯವರು ಬೇರೆ ದುಡ್ಡು ಹಿಡಿಯುತ್ತಾರೆ. ಫೋನಿನ ಮ್ಯಾಪ್ ಪ್ರತಿ ಸಲ ಎಚ್ಚರಿಸುತ್ತದೆ ಅಂತ ನಂಬಬೇಡಿ. ಹೋಟೆಲ್ ಜೆಡ್‌ಟಿಎಲ್ ಒಳಗಿದ್ದರೆ ಮೊದಲೇ ಮಾತಾಡಿ. ಅವರು ನಿಮ್ಮ ನಂಬರನ್ನು ನೋಂದಾಯಿಸಿದರೆ ಸಾಮಾನು ಇಳಿಸಲು ಹೋಗಬಹುದು. ಆಮೇಲೆ ಕಾರಿಗೆ ಜಾಗ ಹುಡುಕುವ ಕೆಲಸ ಹೇಗೂ ಇದ್ದೇ ಇದೆ.

ರಸ್ತೆಬದಿ ನಿಲ್ಲಿಸುವುದೂ ಸುಲಭವಲ್ಲ. ನೀಲಿ ಗೆರೆ ಅಂದರೆ ದುಡ್ಡು ಕೊಡಬೇಕು. ಹಳದಿ ಗೆರೆ ಬೇರೆಯವರಿಗೆ ಮೀಸಲು. ಬಿಳಿ ಗೆರೆ ಇಟಲಿಯ ಬೇರೆ ಕಡೆ ಸಾಮಾನ್ಯವಾಗಿ ಉಚಿತ, ಇಲ್ಲಿ ಮಾತ್ರ ಎಷ್ಟೋ ಕಡೆ ನಿವಾಸಿಗಳಿಗೆ. ಇದರ ಮೇಲೆ ಬೀದಿ ತೊಳೆಯುವ ದಿನ ಅಂತ ಒಂದಿರುತ್ತದೆ. ಆ ಹೊತ್ತಿಗೆ ನಿಂತಿರುವ ಕಾರನ್ನು ಎಳೆದುಕೊಂಡು ಹೋಗುತ್ತಾರೆ. ಕಂಬದ ಮೇಲಿನ ಸಣ್ಣ ಬೋರ್ಡ್ ಓದದೆ ಕಾರು ಬಿಟ್ಟು ಹೋಗಲೇಬಾರದು.

ನಾನು ನಿಲ್ಲಿಸಿದ್ದು ವಿಲ್ಲಾ ಕೊಸ್ತಾಂಜಾದಲ್ಲಿ. ಇದು 2017ರಲ್ಲಿ ಶುರುವಾದ ಪಾರ್ಕಿಂಗ್. ಎ1 ಹೆದ್ದಾರಿಯಿಂದಲೇ ನೇರ ಒಳಗೆ ಹೋಗಬಹುದು, ಟೋಲ್ ಗೇಟ್ ದಾಟಬೇಕಾಗಿಲ್ಲ. ಹಾಗಾಗಿ ಉತ್ತರದಲ್ಲಿ ತೆಗೆದುಕೊಂಡ ಟೋಲ್ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಅದು ಮುಂದೆ ಹೆದ್ದಾರಿಯಿಂದ ಹೊರಬರುವಾಗ ಬೇಕು. ಪಾರ್ಕಿಂಗ್ ಪಕ್ಕದಲ್ಲೇ ಟಿ1 ಟ್ರಾಮ್‌ನ ಕೊನೇ ನಿಲ್ದಾಣ. ಅಲ್ಲಿಂದಲೇ ಹೊರಡುವುದರಿಂದ ಅಪ್ಪ ಅಮ್ಮನಿಗೆ ಕೂರಲು ಸೀಟು ಸಿಕ್ಕಿತು. ಅರ್ಧ ಗಂಟೆಯೊಳಗೆ ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಹತ್ತಿರ ಇಳಿದೆವು. ಕಾಗದದ ಟಿಕೆಟ್ ಆದರೆ ಟ್ರಾಮ್ ಹತ್ತಿದ ಕೂಡಲೇ ಮಷೀನಿನಲ್ಲಿ ಮುದ್ರೆ ಹಾಕಿಸಬೇಕು.

ನಿಲ್ದಾಣದಿಂದ ದುವೊಮೊ, ಅಂದರೆ ದೊಡ್ಡ ಕೆಥೆಡ್ರಲ್, ನಿಧಾನವಾಗಿ ನಡೆದರೂ ಕಾಲು ಗಂಟೆ ಸಾಕು. ಅಪ್ಪ ಪಿಡಬ್ಲ್ಯುಡಿಯಲ್ಲಿ ಎಂಜಿನಿಯರ್ ಆಗಿದ್ದವರು. ಓಣಿಯ ತುದಿಯಲ್ಲಿ ಗುಮ್ಮಟ ಕಂಡದ್ದೇ ತಡ, ಅಲ್ಲೇ ನಿಂತುಬಿಟ್ಟರು. ಈ ಚರ್ಚಿನ ಕೆಲಸ ಶುರುವಾದದ್ದು 1296ರಲ್ಲಿ. ಸುಮಾರು 45 ಮೀಟರ್ ಅಗಲದ ಆ ಜಾಗಕ್ಕೆ ಮೇಲೆ ಏನು ಮುಚ್ಚುವುದು ಅಂತ ಬಹಳ ಕಾಲ ಯಾರಿಗೂ ಹೊಳೆದಿರಲಿಲ್ಲ. ವಾಸ್ತುಶಿಲ್ಪಿ ಬ್ರುನೆಲೆಸ್ಕಿ 1420ರಲ್ಲಿ ಕೆಲಸ ಹಿಡಿದು 1436ರಲ್ಲಿ ಗುಮ್ಮಟ ಮುಗಿಸಿದ. ನೆಲದಿಂದ ಮರದ ಆಧಾರ ಕೊಡದೆ, ಒಂದರೊಳಗೊಂದು ಎರಡು ಗುಮ್ಮಟ ಕಟ್ಟಿದ. ಇಟ್ಟಿಗೆಗಳನ್ನು ನಡುನಡುವೆ ನಿಲ್ಲಿಸಿ ಒಂದನ್ನೊಂದು ಹಿಡಿದುಕೊಳ್ಳುವಂತೆ ಜೋಡಿಸಿದ. “ಸೆಂಟ್ರಿಂಗೇ ಇಲ್ಲದೆ ಇಷ್ಟು ದೊಡ್ಡ ಸ್ಪ್ಯಾನಾ!” ಅಂತ ಅಪ್ಪ ಮತ್ತೆ ಮತ್ತೆ ಕೇಳಿದರು.

ಗುಮ್ಮಟ ಹತ್ತಲು 463 ಮೆಟ್ಟಿಲು. ಲಿಫ್ಟ್ ಇಲ್ಲ, ಸಮಯ ಮೊದಲೇ ಕಾಯ್ದಿರಿಸಬೇಕು. ಅಪ್ಪ ಅಮ್ಮನ ಜೊತೆ ಅದು ಬೇಡ ಅಂತ ನಿರ್ಧರಿಸಿ, ಕೆಥೆಡ್ರಲ್ ಹಿಂದಿರುವ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ವಯಸ್ಸಾದವರ ಜೊತೆ ಬರುವವರಿಗೆ ನಾನು ಮೊದಲು ಹೇಳುವುದು ಈ ಜಾಗವನ್ನೇ. ಲಿಫ್ಟ್ ಇದೆ, ಜನ ಕಡಿಮೆ. ಶಿಲ್ಪಿ ಗಿಬೆರ್ತಿಯ ಬಂಗಾರದ ಲೇಪವಿರುವ ಕಂಚಿನ ಬಾಗಿಲಿನ ಅಸಲಿ ಇಲ್ಲಿದೆ, ಹೊರಗೆ ಬ್ಯಾಪ್ಟಿಸ್ಟ್ರಿಯಲ್ಲಿ, ಅಂದರೆ ದೀಕ್ಷಾಸ್ನಾನದ ಕಟ್ಟಡದಲ್ಲಿ, ಎಲ್ಲರೂ ಫೋಟೊ ತೆಗೆಯುತ್ತಿರುವುದು ಅದರ ನಕಲು. ಮುದುಕನಾದ ಮೇಲೆ ಮೈಕೆಲ್ಯಾಂಜೆಲೊ ಕೆತ್ತಿದ ಪಿಯೆತಾ, ಅಂದರೆ ಸತ್ತ ಯೇಸುವನ್ನು ಹಿಡಿದಿರುವವರ ಶಿಲ್ಪದ ಮುಂದೆ ಅಮ್ಮ ಬಹಳ ಹೊತ್ತು ಕೂತಿದ್ದರು. ಮೇಲಿನ ಟೆರೇಸಿನಿಂದ ಗುಮ್ಮಟ ತೀರಾ ಹತ್ತಿರ ಕಾಣುತ್ತದೆ. ಹತ್ತಲಾಗಲಿಲ್ಲ ಅನ್ನುವ ಬೇಸರ ಅಪ್ಪನಿಗೆ ಉಳಿಯಲಿಲ್ಲ.

ಉಫೀಜಿ ಚಿತ್ರಶಾಲೆಗೆ ಹೋಗಲಿಲ್ಲ. ಅದಕ್ಕೆ ಒಂದು ಇಡೀ ದಿನ ಬೇಕು. ಅದೂ, ಮೈಕೆಲ್ಯಾಂಜೆಲೊನ ಡೇವಿಡ್ ಪ್ರತಿಮೆ ಇರುವ ಅಕಾಡೆಮಿಯಾ ಮ್ಯೂಸಿಯಮ್ಮೂ ಸೋಮವಾರ ರಜೆ, ಇದನ್ನು ನೆನಪಿಡಿ. ಪಿಯಾಜಾ ದೆಲ್ಲಾ ಸಿನ್ಯೊರಿಯಾ ಚೌಕದಲ್ಲಿ ನಿಂತಿರುವ ಡೇವಿಡ್ ಕೂಡ ನಕಲೇ, ಅಸಲಿಯನ್ನು 1873ರಲ್ಲಿ ಅಕಾಡೆಮಿಯಾಕ್ಕೆ ಸಾಗಿಸಿದರು. ಅದೇ ಚೌಕದಲ್ಲಿ ನೆಪ್ಚೂನ್ ಕಾರಂಜಿಯ ಪಕ್ಕ ಕುಡಿಯುವ ನೀರಿನ ನಲ್ಲಿ ಇದೆ, ಬಾಟಲಿ ತುಂಬಿಸಿಕೊಳ್ಳಿ. ಮಧ್ಯಾಹ್ನಕ್ಕೆ ‘ಪಪ್ಪಾ ಅಲ್ ಪೊಮೊದೊರೊ’ ಕೇಳಿ. ಬ್ರೆಡ್ಡು ಟೊಮೇಟೊ ಹಾಕಿ ಮೆತ್ತಗೆ ಬೇಯಿಸಿರುತ್ತಾರೆ. ಮಾಂಸದ ಸಾರು ಹಾಕಿದ್ದಾರಾ ಅಂತ ಮಾತ್ರ ಒಂದು ಮಾತು ಕೇಳಿಬಿಡಿ. ಅಮ್ಮನಿಗೆ ಅದು ತುಂಬಾ ಹಿಡಿಸಿತು.

ಪೊಂತೆ ವೆಕ್ಕಿಯೊ ಸೇತುವೆ 1345ರದ್ದು. ಈಗಿರುವ ಚಿನ್ನದಂಗಡಿಗಳಿಗೂ ಮೊದಲು ಅಲ್ಲಿ ಮಾಂಸದ ಅಂಗಡಿಗಳಿದ್ದವು. ಜನಜಂಗುಳಿ ಜಾಸ್ತಿ, ಬೇಗ ದಾಟಿದೆವು. ಸಂಜೆ ಬಸ್ಸಿನಲ್ಲಿ ಪಿಯಾಜಾಲೆ ಮಿಕೆಲಾಂಜೆಲೊ ಗುಡ್ಡಕ್ಕೆ ಹೋದೆವು. ಇಡೀ ಊರು, ಆರ್ನೊ ನದಿ, ಗುಮ್ಮಟ ಎಲ್ಲ ಒಟ್ಟಿಗೆ ಕಾಣುವುದು ಅಲ್ಲಿಂದಲೇ. ಕಾಲಲ್ಲಿ ಶಕ್ತಿ ಇದ್ದವರು ಇನ್ನೂ ಮೇಲಿನ ಸಾನ್ ಮಿನಿಯಾತೊ ಚರ್ಚಿಗೂ ಹೋಗಿ, ಅಲ್ಲಿ ಗದ್ದಲ ಕಡಿಮೆ.

ವಾಪಸ್ ಅದೇ ಟ್ರಾಮ್. ಪಾರ್ಕಿಂಗ್ ದುಡ್ಡನ್ನು ಕಾರಿನ ಹತ್ತಿರ ಹೋಗುವ ಮೊದಲೇ ಮಷೀನಿನಲ್ಲಿ ಕಟ್ಟಿ, ಅಲ್ಲಿಂದ ನೇರ ಹೆದ್ದಾರಿ ಹಿಡಿದೆವು.